ತಡೆಯೋ ಕಬ್ಬಿಣ

“ಇದು ಹೊಡೆಯೋ ಕಬ್ಬಿಣ ಅಲ್ಲ ಮೇಡಂ. ತಡೆಯೋ ಕಬ್ಬಿಣ.”

ಲಾಕಪ್ಪಿನ ಸರಳುಗಳ ಆಚೆಯಿಂದ ಬಡಗಿ ಇಷ್ಟು ಹೇಳಿ, ಕೊಡಿ ತೋರಿಸುತ್ತೇನೆ ಎನ್ನುವಂತೆ ಕೈ ಚಾಚಿದ. ನಾನು ಕೊಡಲಿಲ್ಲ. ಸಾಕ್ಷ್ಯದ ವಸ್ತುವನ್ನು ಆರೋಪಿಯ ಕೈಗೆ ಕೊಡುವಂತಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಅದನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ತಿರುಗಿಸಿ ನೋಡಿದೆ.

ಮುಷ್ಟಿಗಿಂತ ಸ್ವಲ್ಪ ದೊಡ್ಡ ಕಬ್ಬಿಣದ ಗಟ್ಟಿ, ಎರಡು ಕಿಲೋ ತೂಕ. ಎಂಟು ದಿನದ ಹಿಂದೆ ಭೂಗೋಳದ ಮೇಷ್ಟ್ರು ಮನೆಯ ಹಿಂದಿನ ಕೋಣೆಯಲ್ಲಿ, ತಾವೇ ಕಟ್ಟುತ್ತಿದ್ದ ಮರದ ದೋಣಿಯ ಅಡಿಯಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದಾಗ ಇದು ಅವರ ಭುಜದ ಪಕ್ಕದಲ್ಲಿತ್ತು. ಒಂದು ಮಗ್ಗುಲಲ್ಲಿ ರಕ್ತ, ಇನ್ನೊಂದು ಮಗ್ಗುಲಲ್ಲಿ ಬಡಗಿ ಕೊರೆದುಕೊಂಡಿದ್ದ ಗುರುತು. ಅಷ್ಟನ್ನೇ ನಂಬಿ ಬಡಗಿಯನ್ನು ಹಿಡಿದು ತಂದವಳು ನಾನು.

ಕೋರ್ಟಿಗೆ ಕೊಡಬೇಕಾದ ವಸ್ತುಗಳ ಪಟ್ಟಿಯನ್ನು ಆ ಮಧ್ಯಾಹ್ನ ಮೂರನೇ ಸಲ ಬರೆಯುತ್ತಿದ್ದೆ. ಹಿಂದಿನ ಎರಡು ಪಟ್ಟಿಗಳಲ್ಲೂ ತಪ್ಪಿರಲಿಲ್ಲ. ಆದರೂ ಪ್ರತಿ ವಸ್ತುವನ್ನೂ ಮತ್ತೊಮ್ಮೆ ಎತ್ತಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಹಾಗೆ ಎತ್ತಿದಾಗ ಕಬ್ಬಿಣದ ಒಂದು ಮುಖ ಕಣ್ಣಿಗೆ ಬಿತ್ತು. ಉಳಿದ ಕಡೆಯೆಲ್ಲ ತುಕ್ಕು. ಅದೊಂದೇ ಸವೆದು ನುಣುಪಾಗಿತ್ತು, ಅದರ ತುಂಬ ಕೆಂಪು ಚುಕ್ಕೆಗಳು. ರಕ್ತವಲ್ಲ. ಉಗುರಿನಿಂದ ಕೆರೆದರೆ ಹೊಳೆಯಿತು. ತಾಮ್ರ.

“ತಡೆಯೋದು ಅಂದ್ರೆ?”

“ದೋಣಿ ಹಲಗೆಗೆ ತಾಮ್ರದ ಮೊಳೆ ಮೇಡಂ. ಹೊರಗಿಂದ ಒಳಕ್ಕೆ ಬರುತ್ತೆ. ಒಳಗಡೆ ಅದರ ತುದಿಗೆ ಒಂದು ಬಿಲ್ಲೆ ತೂರಿಸಿ, ಉಳಿದದ್ದು ಕತ್ತರಿಸಿ, ಸಣ್ಣ ಸುತ್ತಿಗೇಲಿ ತಟ್ಟಿ ತಟ್ಟಿ ಅರಳಿಸ್ಬೇಕು. ತಟ್ಟುವಾಗ ಹೊರಗಡೆ ಮೊಳೆ ತಲೆಗೆ ಈ ಕಬ್ಬಿಣ ಒತ್ತಿ ಹಿಡ್ಕೊಂಡಿರಬೇಕು. ಇಲ್ಲಾಂದ್ರೆ ಮೊಳೆ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋಗುತ್ತೆ.”

“ಹಿಡ್ಕೊಳ್ಳೋದು ಯಾರು?”

“ಇನ್ನೊಬ್ಬರು. ಒಂದೇ ಕೈಲಿ ಚಪ್ಪಾಳೆ ಆಗುತ್ತಾ?”

ಮೇಷ್ಟ್ರು ಆ ಕೋಣೆಗೆ ಯಾರನ್ನೂ ಬಿಡುತ್ತಿರಲಿಲ್ಲ, ಒಬ್ಬರೇ ಕೆಲಸ ಮಾಡುತ್ತಿದ್ದರು ಎಂದು ಬೀದಿಯವರೆಲ್ಲ ಹೇಳಿದ್ದರು. ನಾನು ಬರೆದುಕೊಂಡಿದ್ದೆ. ಕೆಳಗೆ ಗೆರೆ ಕೂಡ ಎಳೆದಿದ್ದೆ.

“ಇದನ್ನ ಐದು ದಿನದಿಂದ ಯಾಕೆ ಹೇಳಲಿಲ್ಲ?”

“ಇದು ನಿಂದಾ ಅಂತ ಕೇಳಿದ್ರಿ. ನಂದೇ ಅಂದೆ. ಅಲ್ಲಿಗೆ ಹೇಗೆ ಹೋಯ್ತು ಅಂದ್ರಿ. ನಾನೇ ಕೊಟ್ಟಿದ್ದೆ ಅಂದೆ. ಏನಕ್ಕೆ ಅಂತ ನೀವು ಕೇಳಲೇ ಇಲ್ವಲ್ಲ.”

ನೋಟ್‌ಬುಕ್ ತಿರುವಿದೆ. ಅವನು ಹೇಳಿದ್ದು ನಿಜ. ನಾನು ಕೇಳಿರಲಿಲ್ಲ.

“ಮೇಷ್ಟ್ರ ಜೊತೆ ಯಾರಿರ್ತಿದ್ರು?”

ಬಡಗಿ ಮುಖ ತಿರುಗಿಸಿದ. ಅರವತ್ತು ದಾಟಿದ ಮನುಷ್ಯ. ಕೈಬೆರಳುಗಳು ಮರದ ಬೇರಿನಂತೆ ಗಂಟುಗಂಟಾಗಿದ್ದವು. “ಅದು ಮಾತ್ರ ಕೇಳಬೇಡಿ. ಮಾತು ಕೊಟ್ಟಿದೀನಿ.”

“ಯಾರಿಗೆ?”

ಅವನು ಸರಳಿನಿಂದ ಕೈ ಹಿಂದಕ್ಕೆ ಎಳೆದುಕೊಂಡ.

“ಇವತ್ತಿಗೆ ಪೊಲೀಸ್ ಕಸ್ಟಡಿ ಮುಗೀತು. ಕೋರ್ಟಿಗೆ ಹಾಜರು ಮಾಡಿದ್ರೆ ಕೊಲೆ ಕೇಸು. ಅಲ್ಲಿಂದ ಸೀದಾ ಜೈಲು. ವಿಚಾರಣೆ ಶುರುವಾಗೋಕೆ ಒಂದು ವರ್ಷವೋ ಎರಡು ವರ್ಷವೋ. ಗೊತ್ತಿದೆಯಾ?”

“ಗೊತ್ತು ಮೇಡಂ. ನನ್ನ ವಯಸ್ಸಿಗೆ ಎರಡು ವರ್ಷ ಅಂದ್ರೆ ಪೂರ್ತಿ ಶಿಕ್ಷೆನೇ.” ಅವನು ನಗಲು ಪ್ರಯತ್ನಿಸಿದ. “ಆದ್ರೂ ಕೊಟ್ಟ ಮಾತು ಮೊಳೆ ಥರ. ಬಡಿದ ಮೇಲೆ ಕಿತ್ರೆ ಹಲಗೆ ಹಾಳು.”

ಹೊರಡುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿದೆ. ಕೇಳದೆ ಬಿಟ್ಟದ್ದರ ಹೆದರಿಕೆ ಇನ್ನೂ ಇತ್ತು. “ಒಂದು ಹಲಗೆಗೆ ಮೊಳೆ ಬಡಿಯೋದು ಯಾವ ಕ್ರಮದಲ್ಲಿ?”

“ದೋಣಿಯ ಮುಂದಿನ ಮೂತಿಯಿಂದ ಶುರು. ಒಂದರ ಹಿಂದೆ ಒಂದು, ಇರುವೆ ಸಾಲಿನ ಹಾಗೆ. ಮೇಷ್ಟ್ರಿಗೂ ಹಾಗೇ ಕಲಿಸಿದ್ದು.”

ಹೊರಗಿನ ಬೆಂಚಿನಲ್ಲಿ ಮೇಷ್ಟ್ರ ಮಗಳು ಕೂತಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಮನೆಗೆ ಒಬ್ಬಳೇ ಮಗಳು. ಅಪ್ಪನ ಹೆಣವನ್ನು ಮೊದಲು ಕಂಡವಳು ಅವಳು, ಬಡಗಿಯ ಮೇಲೆ ದೂರು ಕೊಟ್ಟವಳೂ ಅವಳೇ. ಮೂರು ವಾರದ ಹಿಂದೆ ಹಸಿ ಹಲಗೆಯ ವಿಷಯಕ್ಕೆ ಬಡಗಿಗೂ ಮೇಷ್ಟ್ರಿಗೂ ಜಗಳವಾಗಿ, “ಇನ್ನು ನಿಮ್ಮ ಮನೆ ಹೊಸ್ತಿಲು ತುಳಿಯಲ್ಲ, ತುಳಿದ್ರೆ ನಿಮ್ಮ ಗತಿ ನೋಡ್ಕೊಳ್ಳಿ” ಎಂದು ಅವನು ಕೂಗಿದ್ದನ್ನು ಅವಳು ಕೇಳಿದ್ದಳು.

“ಮೇಡಂ, ಇನ್ನೂ ಎಷ್ಟು ಹೊತ್ತು?”

“ಮೂರೂವರೆಗೆ ಜೀಪು.”

“ಆಮೇಲೆ ಎಲ್ಲ ಮುಗಿಯುತ್ತಲ್ಲ?” ಎಂದಳು. ಲಾಕಪ್ಪಿನ ಕಡೆ ಒಮ್ಮೆಯೂ ನೋಡಲಿಲ್ಲ.

ಒಳಗೆ ಇನ್‌ಸ್ಪೆಕ್ಟರ್ ಸಾಹೇಬರು ನನ್ನ ಮಾತನ್ನು ಅರ್ಧ ಕೇಳಿ ಕೈ ಎತ್ತಿದರು. “ಏನಮ್ಮಾ, ಊಟ ಆದ ಮೇಲೆ ಕೆಲವರಿಗೆ ಬಿಕ್ಕಳಿಕೆ ಬರುತ್ತೆ, ನಿಮಗೆ ಅನುಮಾನ ಬರುತ್ತೆ. ಹಿಡಿದವರು ನೀವು. ರಿಪೋರ್ಟ್ ಬರೆದವರು ನೀವು. ಈಗ ಅಲ್ಲ ಅನ್ನೋರೂ ನೀವೇ?”

“ತಪ್ಪಾಗಿದ್ದರೆ ಸಾರ್...”

“ಮೂರೂವರೆ ಒಳಗೆ ಬೇರೆ ಹೆಸರು ತನ್ನಿ. ಇಲ್ಲಾಂದ್ರೆ ಇದೇ ಹೆಸರು.”

ಗಡಿಯಾರದಲ್ಲಿ ಎರಡಕ್ಕೆ ಐದು ನಿಮಿಷವಿತ್ತು.

*

ಹಿಂದಿನ ಕೋಣೆಯ ಬಾಗಿಲಿಗೆ ನಾನೇ ಹಾಕಿದ್ದ ಸೀಲು ಹಾಗೆಯೇ ಇತ್ತು. ಒಡೆದು ಒಳಗೆ ಹೋದರೆ ಎಣ್ಣೆಯ ವಾಸನೆ, ಕಾಲಿಗೆ ಸಿಕ್ಕುವ ಮರದ ಹೊಟ್ಟು. ನನ್ನ ಜೊತೆ ಬಂದಿದ್ದ ಹಿರಿಯ ಪೇದೆ ಬಾಗಿಲನ್ನೊಮ್ಮೆ, ದೋಣಿಯನ್ನೊಮ್ಮೆ ನೋಡಿದ.

“ಇದನ್ನ ಹೊರಗೆ ತರೋದು ಹೇಗಂತ ಇದ್ರೋ ಪುಣ್ಯಾತ್ಮ.”

“ಕಿಟಕಿ ಚೌಕಟ್ಟು ತೆಗೆದು. ಅಳತೆ ಗೋಡೆ ಮೇಲೆ ಬರೆದಿದ್ದಾರೆ ನೋಡಿ.”

ಹದಿನಾಲ್ಕು ಅಡಿಯ ದೋಣಿ. ಅಡಿಮರದ ಎರಡೂ ಕಡೆ ಮೂರು ಮೂರು ಹಲಗೆ ಮಾತ್ರ ಬಂದಿತ್ತು. ಮೇಲೆ ಇನ್ನೂ ಮುಚ್ಚದ ಅಡ್ಡಪಟ್ಟಿಗಳು ಪಕ್ಕೆಲುಬುಗಳ ಹಾಗೆ ನಿಂತಿದ್ದವು. ಸೊಂಟದೆತ್ತರದ ಎರಡು ಮರದ ಸ್ಟ್ಯಾಂಡುಗಳ ಮೇಲೆ ಕೂತಿರಬೇಕಾದದ್ದು ಒಂದು ಸ್ಟ್ಯಾಂಡು ಉರುಳಿ ಬಲಕ್ಕೆ ವಾಲಿ ಬಿದ್ದಿತ್ತು. ಅದರ ಅಡಿಯಲ್ಲೇ ಮೇಷ್ಟ್ರು ಸಿಕ್ಕಿದ್ದು. ಬಡಗಿ ತಲೆಗೆ ಹೊಡೆದ, ಆಮೇಲೆ ಅಪಘಾತದಂತೆ ಕಾಣಲಿ ಎಂದು ದೋಣಿ ಉರುಳಿಸಿದ, ಎಂದು ನಾನು ರಿಪೋರ್ಟಿನಲ್ಲಿ ಬರೆದಿದ್ದೆ. ಚೆನ್ನಾಗಿ ಬರೆದಿದ್ದೀರಿ ಎಂದು ಸಾಹೇಬರು ಹೊಗಳಿದ್ದರು ಕೂಡ.

ಮೊದಲು ಬಡಗಿಯ ಮಾತನ್ನು ಪರೀಕ್ಷಿಸಿದೆ. ಬಲಗಡೆಯ ಮೂರನೇ ಹಲಗೆಯ ಮೊಳೆಗಳ ಹತ್ತಿರ ಒಂದು ಕೈ ಒಳಗೆ, ಒಂದು ಕೈ ಹೊರಗೆ ಚಾಚಿದೆ. ಎಟುಕಲಿಲ್ಲ. ಪೇದೆ ನನಗಿಂತ ಒಂದು ಗೇಣು ಎತ್ತರ. ಅವನಿಗೂ ಎಟುಕಲಿಲ್ಲ. ಎಡಗಡೆಯೂ ನೋಡಿದೆವು. ಆಗಲಿಲ್ಲ.

“ಮಂಗನ ಕೈ ಇದ್ದಿದ್ರೆ ಆಗ್ತಿತ್ತು,” ಎಂದ ಪೇದೆ.

ಹಾಗಾದರೆ ಒಬ್ಬರು ದೋಣಿಯ ಒಳಗೆ, ಒಬ್ಬರು ಕೆಳಗೆ. ಸುತ್ತಿಗೆ ದೋಣಿಯ ಒಳಗಡೆಯೇ ಬಿದ್ದಿತ್ತು. ಅವತ್ತು ಅದನ್ನೂ ನಾನು ಪಟ್ಟಿಯಲ್ಲಿ ಬರೆದಿದ್ದೆ: ಸುತ್ತಿಗೆ, ಸಣ್ಣದು, ಒಂದು. ಅದು ಅಲ್ಲಿ ಯಾಕಿದೆ ಎಂದು ಕೇಳಿಕೊಂಡಿರಲಿಲ್ಲ.

ಟಾರ್ಚ್ ಹಿಡಿದು ಒಳಗೆ ಇಣುಕಿದೆ. ಮೊದಲೆರಡು ಹಲಗೆಗಳ ಕೆಲಸ ಪೂರ್ತಿಯಾಗಿತ್ತು. ಎಡಗಡೆಯ ಮೂರನೆಯದರಲ್ಲಿ ಮೊಳೆಗಾಗಿ ಗುರುತು ಹಾಕಿದ ಜಾಗಗಳು ಮೂವತ್ತಮೂರು. ಬಡಿದು ಮುಗಿಸಿದ್ದು ಹದಿನಾಲ್ಕು. ಹದಿನೈದನೆಯದಕ್ಕೆ ಬಿಲ್ಲೆ ತೂರಿಸಿತ್ತು, ತುದಿ ಅರಳಿರಲಿಲ್ಲ.

ಆ ಹದಿನಾಲ್ಕು ಮೊಳೆಗಳು ಇರುವೆ ಸಾಲಿನ ಹಾಗಿರಲಿಲ್ಲ.

ಮೂತಿಯಲ್ಲಿ ಒಂದು. ಹಿಂಬದಿಯ ಕೊನೆಯಲ್ಲಿ ಒಂದು. ಸರಿಯಾಗಿ ನಡುವೆ ಒಂದು. ಆಮೇಲೆ ಎರಡೂ ಅರ್ಧಗಳ ನಡುವೆ ಒಂದೊಂದು. ಆಮೇಲೆ ಅವುಗಳ ನಡುವೆ. ಗುರುತುಗಳು ಬಡಗಿಯ ಪೆನ್ಸಿಲ್ಲಿನವಲ್ಲ. ತೆಳುವಾದ ನೀಲಿ ಗೆರೆ, ಒಂದು ತುದಿಯಲ್ಲಿ ಕೂದಲಿನಷ್ಟು ಸಣ್ಣ, ಇನ್ನೊಂದು ತುದಿಯಲ್ಲಿ ದಪ್ಪ. ಬೆರಳು ತಾಗಿಸಿದರೆ ಪುಡಿ ಹತ್ತಿತು.

ಈ ಕ್ರಮ ನನಗೆ ಗೊತ್ತಿತ್ತು. ಕೆಲಸಕ್ಕೆ ಸೇರುವ ಮುಂಚೆ ಎರಡು ವರ್ಷ ನಾನು ಸಂಜೆಯ ಹೊಲಿಗೆ ತರಗತಿಗೆ ಹೋಗಿದ್ದೆ. ಎರಡು ಉದ್ದನೆಯ ಬಟ್ಟೆಗಳನ್ನು ಸೇರಿಸುವಾಗ ಒಂದು ತುದಿಯಿಂದ ಪಿನ್ ಹಾಕುತ್ತ ಹೋದರೆ ಮೇಲಿನದು ಸರಿದು ಸರಿದು ಕೊನೆಗೆ ಬೆರಳುದ್ದ ಹೆಚ್ಚಾಗಿ ಉಳಿಯುತ್ತದೆ. ಮೊದಲು ಎರಡು ತುದಿ, ಆಮೇಲೆ ನಡು, ಆಮೇಲೆ ಅರ್ಧದ ಅರ್ಧ. ತಪ್ಪಿದರೆ ಟೀಚರ್ ಸ್ಕೇಲಿನಿಂದ ಬೆರಳ ಗಂಟಿಗೆ ಹೊಡೆಯುತ್ತಿದ್ದರು.

ಮರ ಸರಿದುಹೋಗುವುದಿಲ್ಲ. ಹಲಗೆಗೆ ಹಾಗೆ ಮೊಳೆ ಹೊಡೆಯುವ ಅಗತ್ಯ ಯಾರಿಗೂ ಇಲ್ಲ. ಆ ಅಭ್ಯಾಸ ಬಟ್ಟೆಯ ಮೇಲೆ ಜೀವಮಾನ ಕಳೆದ ಕೈಗೆ ಮಾತ್ರ ಇರುತ್ತದೆ.

ಹೊರಗಿನ ಮಗ್ಗುಲನ್ನೂ ನೋಡಬೇಕಾಗಿತ್ತು. ನೆಲದ ಮೇಲೆ ಅಂಗಾತ ಮಲಗಿ ಒಂದೊಂದೇ ಮೊಳೆಯ ತಲೆಗೆ ಬೆಳಕು ಹಿಡಿದೆ. ಒಂಬತ್ತು ಮೊಳೆಗಳ ತಲೆ ಹಲಗೆಗೆ ಸಮವಾಗಿ ಕೂತಿತ್ತು. ಉಳಿದ ಐದರ ಸುತ್ತ ಮರ ಜಜ್ಜಿಹೋಗಿತ್ತು. ಪ್ರತಿಯೊಂದರ ಪಕ್ಕ ಅರ್ಧಚಂದ್ರದಂಥ ಗಾಯಗಳು, ಹಿಡಿದ ಕಬ್ಬಿಣ ಏಟಿಗೆ ಜಾರಿದ ಹಾಗೆ.

ಒಂದೇ ದಿನ, ಒಂದೇ ಹಲಗೆ. ಒಂಬತ್ತು ಹಾಗೆ, ಐದು ಹೀಗೆ. ಯಾಕೆಂದು ತಿಳಿಯಲಿಲ್ಲ. ತಿಳಿಯದ್ದನ್ನೂ ಬರೆದುಕೊಂಡೆ.

*

ಮೇಷ್ಟ್ರ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದರು. ಕೊರಳಲ್ಲಿ ಅಳತೆಯ ಟೇಪು, ಪಕ್ಕದಲ್ಲಿ ಶಾಲೆಯ ಮಕ್ಕಳ ಸಮವಸ್ತ್ರಗಳ ರಾಶಿ, ಮೇಜಿನ ಅಂಚಿನಲ್ಲಿ ನೀಲಿ ಚಾಕಿನ ಚಪ್ಪಟೆ ತುಂಡು. ಗಂಡ ಸತ್ತ ನಾಲ್ಕನೇ ದಿನದಿಂದ ಮತ್ತೆ ಹೊಲಿಯುತ್ತಿದ್ದರು. ಕಲ್ಲೆದೆಯ ಹೆಂಗಸು ಎಂದು ಬೀದಿಯವರು ಆಡಿಕೊಂಡಿದ್ದರು.

“ಬನ್ನಿ ಮೇಡಂ. ಮಗಳು ಅಲ್ಲೇ ಇದಾಳಾ? ಬೆಳಿಗ್ಗೆಯಿಂದ ಏನೂ ತಿಂದಿಲ್ಲ.”

“ಇದಾರೆ.” ಪೇದೆಯನ್ನು ಬಾಗಿಲಾಚೆ ನಿಲ್ಲಿಸಿ ಎದುರಿಗೆ ಕೂತೆ. “ನಿಮ್ಮ ಹೇಳಿಕೆ ಇನ್ನೊಮ್ಮೆ ಓದ್ತೀನಿ. ತಪ್ಪಿದ್ರೆ ಹೇಳಿ. ‘ನಾನು ಆ ಕೋಣೆಗೆ ಒಂದು ದಿನವೂ ಹೋಗಿಲ್ಲ. ಆ ದೋಣಿ ನನ್ನ ಸವತಿ. ಸವತಿ ಕೋಣೆಗೆ ಯಾರಾದರೂ ಕಾಲಿಡುತ್ತಾರಾ? ಆ ದಿನ ಹತ್ತೂವರೆಗೆ ಬಟನ್ ತರಲು ಅಂಗಡಿಗೆ ಹೋಗಿದ್ದೆ.’ ಸರಿನಾ?”

“ಸರಿ.”

ಬಟನ್ ಅಂಗಡಿಯವನನ್ನು ನಾನು ವಿಚಾರಿಸಿದ್ದೆ. ಎರಡು ಡಜನ್ ಕೊಂಡದ್ದು ನಿಜ.

ಮೂಲೆಯಲ್ಲಿ ಯಾರದೋ ಕಿಟಕಿಯ ಪರದೆ ಬಟ್ಟೆ ಮಡಿಸಿಟ್ಟಿತ್ತು. ಎರಡು ಉದ್ದ ತುಂಡುಗಳನ್ನು ತಂದು ಅವರ ಮುಂದೆ ಹಾಸಿದೆ. “ಇವೆರಡನ್ನೂ ಸೇರಿಸೋಕೆ ಪಿನ್ ಹಾಕಿ ತೋರಿಸ್ತೀರಾ?”

ಅವರು ನನ್ನ ಮುಖ ನೋಡಿದರು. ನನಗೇನೋ ಹುಚ್ಚು ಎಂದುಕೊಂಡಿರಬೇಕು. ನಾಲ್ಕಾರು ಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಬಟ್ಟೆ ಎಳೆದುಕೊಂಡರು. ಈ ತುದಿಗೆ ಒಂದು. ಆ ತುದಿಗೆ ಒಂದು. ಮಡಿಸಿ ನಡು ಹುಡುಕಿ ಒಂದು. ಎಡಗಡೆಯ ಅರ್ಧಕ್ಕೆ ಒಂದು.

“ಹಿಂದಿನ ಕೋಣೆಯಲ್ಲಿ ಮೂರನೇ ಹಲಗೆಗೂ ಹೀಗೇ ಬಡಿದಿದ್ದೀರಿ.”

ಕೈ ನಿಂತಿತು. ತುಟಿಗಳ ನಡುವಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಎಲ್ಲವನ್ನೂ ಹಾಕಿ ಮುಗಿಸುವವರೆಗೆ ನಾನು ಕಾದೆ.

“ಬಡಗಿ ಹೇಳಿದ್ನಾ?”

“ಇಲ್ಲ. ಮಾತು ಕೊಟ್ಟಿದೀನಿ ಅಂದ. ಅದಕ್ಕೇ ಜೈಲಿಗೆ ಹೋಗ್ತಿದಾನೆ. ಮೂರೂವರೆಗೆ ಜೀಪು ಬರುತ್ತೆ. ಅಷ್ಟರೊಳಗೆ ನಾನು ಬೇರೆ ಹೆಸರು ಕೊಡದಿದ್ರೆ ಅವನ ಹೆಸರೇ ಕೋರ್ಟಿಗೆ.”

ಅವರು ಟೇಪನ್ನು ಕತ್ತಿನಿಂದ ತೆಗೆದು ಸುತ್ತತೊಡಗಿದರು. “ಮೊದಲನೇ ಹಲಗೆಯಿಂದ ನಾನೇ ಬಡಿದದ್ದು,” ಎಂದರು.

“ಮತ್ತೆ ಸವತಿ ಅಂದಿದ್ದು?”

“ಸವತಿ ಅಂದ್ರೆ ಯಾರೂ ಮುಂದೆ ಕೇಳಲ್ಲ ಮೇಡಂ. ನಕ್ಕು ಸುಮ್ಮನಾಗ್ತಾರೆ.” ತಗ್ಗಿದ ದನಿ. “ಮಗಳಿಗೆ ಆ ದೋಣಿ ಕಂಡ್ರೆ ಆಗ್ತಿರಲಿಲ್ಲ. ‘ಬೀದೀಲಿ ಎಲ್ಲ ದೋಣಿ ಮೇಷ್ಟ್ರ ಮಗಳು ಅಂತಾರೆ. ಅಪ್ಪನಿಗಂತೂ ತಲೆ ಕೆಟ್ಟಿದೆ, ನೀನೂ ತಾಳ ಹಾಕಬೇಡ’ ಅಂತ ನನ್ನ ಹತ್ರ ಮಾತು ತಗೊಂಡಿದ್ಲು. ಆ ಕೋಣೆಗೆ ಕಾಲಿಡಲ್ಲ ಅಂತ ನಾನೂ ಮಾತು ಕೊಟ್ಟಿದ್ದೆ. ಅಪ್ಪ ಮಗಳು ಮಾತಾಡಿ ಎರಡು ತಿಂಗಳಾಗಿತ್ತು. ಅವಳು ಒಂಬತ್ತಕ್ಕೆ ಕೆಲಸಕ್ಕೆ ಹೋದ್ರೆ ನಾನು ಹಿಂದಿನ ಕೋಣೆಗೆ. ಯಾರಿಗೂ ಬಾಯಿ ಬಿಡಬೇಡ ಅಂತ ಬಡಗಿ ಕೈಲಿ ಆಣೆ ಹಾಕಿಸಿದ್ದು ನಾನೇ.”

“ಯಾಕೆ ಅಷ್ಟೊಂದು ಹಟ?”

“ಹಟ ಅಲ್ಲ. ಅವರೊಬ್ಬರೇ ಒಂದು ಕೈ ಒಳಗೆ ಒಂದು ಕೈ ಹೊರಗೆ ಇಟ್ಕೊಂಡು ಒದ್ದಾಡೋದು ನೋಡೋಕಾಗ್ಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸಮುದ್ರದ ಪಾಠ ಮಾಡಿದ ಮನುಷ್ಯ. ಮೊಣಕಾಲುದ್ದ ನೀರಿಗೆ ಇಳಿದವರಲ್ಲ.” ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಆಮೇಲೆ ಅಭ್ಯಾಸವಾಯ್ತು. ಅವರು ಶಾಲೆ, ನಾನು ಮೆಷಿನ್ನು. ಇಬ್ಬರೂ ಸೇರಿ ಒಂದು ಕೆಲಸ ಅಂತ ಅದುವರೆಗೆ ಮಾಡೇ ಇರಲಿಲ್ಲ ಮೇಡಂ. ಒಂದು ಅಡುಗೆ ಕೂಡ.”

ನಾನು ಬರೆಯುತ್ತಿದ್ದೆ. ಗೋಡೆ ಗಡಿಯಾರ ಮೂರು ಹೊಡೆಯಿತು.

“ಆ ದಿನ ಏನಾಯ್ತು?”

“ನಾನು ಒಳಗೆ ಮಂಡಿಯೂರಿ ಕೂತಿದ್ದೆ, ಅವರು ಕೆಳಗೆ ಮಲಗಿದ್ರು. ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. ಅವರು ಕಬ್ಬಿಣ ಇಟ್ಟು ಎರಡು ಸಲ ತಟ್ಟಿದ್ರೆ ನಾನು ಸುತ್ತಿಗೆ ಎತ್ತಬೇಕು. ಅದೇ ನಮ್ಮ ಲೆಕ್ಕ. ಒಂಬತ್ತು ಮೊಳೆ ಆಗಿತ್ತು. ಅಷ್ಟರಲ್ಲಿ ಬೀದಿ ಬಾಗಿಲು ಬಡಿದ್ರು, ಯಾರೋ ಬಟ್ಟೆ ತಗೊಂಡು ಹೋಗೋಕೆ. ನನಗೆ ಹತ್ತಿ ಇಳಿಯೋದು ಕಷ್ಟ ಅಂತ ಅವರೇ ಎದ್ದು ಹೋದ್ರು.”

“ಆಮೇಲೆ?”

“ಸ್ವಲ್ಪ ಹೊತ್ತಿಗೆ ಕೆಳಗೆ ಎರಡು ಸಲ ತಟ್ಟಿದ್ದು ಕೇಳಿಸ್ತು. ಬಂದ್ರು ಅಂದ್ಕೊಂಡೆ. ಬಡಿದೆ. ಇನ್ನೊಂದು ತಟ್ಟಿದ್ರು. ಬಡಿದೆ. ಹೀಗೇ ಐದು ಮೊಳೆ. ಯಾಕೋ ಸರಿಯಾಗಿ ಹಿಡೀತಿಲ್ಲ, ಅವರಿಗೆ ಸುಸ್ತಾಯ್ತೇನೋ ಅನ್ನಿಸ್ತು. ಆರನೇದಕ್ಕೆ ಬಿಲ್ಲೆ ಹಾಕಿ ತಲೆ ಎತ್ತಿದೆ. ಅವರು ಬಾಗಿಲಲ್ಲಿ ನಿಂತಿದ್ರು.”

“ಯಾರು?”

“ನಮ್ಮ ಯಜಮಾನ್ರು. ಆಗ ತಾನೇ ಒಳಗೆ ಬರ್ತಿದಾರೆ. ನನ್ನ ನೋಡಿ, ‘ಯಾರ ಜೊತೆ ಬಡೀತಿದೀಯ?’ ಅಂದ್ರು.”

ನನ್ನ ಪೆನ್ನು ನಿಂತಿತು. ಹೊರಗೆ ಪೇದೆ ಕೆಮ್ಮಿದ.

“ಅವರು ಪಕ್ಕಕ್ಕೆ ಬಂದು, ಬಗ್ಗಿ, ದೋಣಿ ಅಡಿಗೆ ತಲೆ ಹಾಕಿ ನೋಡಿದ್ರು. ನನಗೂ ನೋಡಬೇಕು ಅನ್ನಿಸ್ತು. ಎದ್ದು ನಿಂತು, ಅಡ್ಡಪಟ್ಟಿ ಹಿಡ್ಕೊಂಡು ಅವರ ಕಡೆಗೇ ವಾಲಿದೆ.” ಅವರ ಕೈಯಲ್ಲಿ ಟೇಪಿನ ಸುರುಳಿ ಬಿಚ್ಚಿಹೋಗಿತ್ತು. “ಸ್ಟ್ಯಾಂಡು ಜಾರಿತು ಮೇಡಂ. ನನ್ನ ಭಾರಕ್ಕೇ. ನಾನು ಒಳಗಡೆ ಬಿದ್ದೆ. ಎದ್ದು ಇಳಿದು ಬರೋ ಹೊತ್ತಿಗೆ ಅಡಿಮರ ಅವರ ತಲೆ ಮೇಲಿತ್ತು. ಮೂಗಿನ ಹತ್ರ ಕೈ ಹಿಡಿದೆ. ಉಸಿರಿರಲಿಲ್ಲ. ಕೆಳಗೆ ಬೇರೆ ಯಾರೂ ಇರಲಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು.”

“ಕೂಗಲಿಲ್ವಾ?”

“ನನ್ನ ಭಾರಕ್ಕೆ ಸತ್ರು ಅಂತ ಯಾರಿಗೆ ಹೇಳ್ಲಿ? ಚೀಲ ತಗೊಂಡು ಅಂಗಡಿಗೆ ಹೋದೆ. ಬಟನ್ ಬೇಕು ಅಂದೆ. ಅವನು ಎಣಿಸಿ ಕೊಟ್ಟ. ಒಂದು ಕಡಿಮೆ ಇದೆ ಅಂತ ವಾಪಸ್ ಎಣಿಸಿದೆ ಮೇಡಂ. ಅಷ್ಟು ಹೊತ್ತಿಗೆ ಅವರು ಅಲ್ಲಿ...”

ಅವರು ಬಿಚ್ಚಿಹೋದ ಟೇಪನ್ನು ಮತ್ತೆ ಸುತ್ತತೊಡಗಿದರು.

“ಬಡಗಿಯನ್ನ ಹಿಡಿದ ಮೇಲಾದ್ರೂ ಹೇಳಬಹುದಿತ್ತು.”

“ಕೆಳಗಿದ್ದದ್ದು ಅವನೇ ಅಂದ್ಕೊಂಡೆ. ರಾಜಿ ಆಗೋಕೆ ಸದ್ದಿಲ್ದೆ ಬಂದಿರ್ತಾನೆ, ಹೆದರಿ ಓಡಿರ್ತಾನೆ. ನಾನು ಇದ್ದೆ ಅಂದ್ರೆ ಇನ್ನೊಬ್ಬರು ಯಾರು ಅಂತ ಕೇಳ್ತೀರಿ. ಆಗ ಅವನು ಅಲ್ಲಿದ್ದ ಅಂತ ನಾನೇ ಹೇಳಿದ ಹಾಗಾಗುತ್ತೆ. ಇವತ್ತು ಬಿಡ್ತಾರೆ, ನಾಳೆ ಬಿಡ್ತಾರೆ ಅಂತ ಕಾದೆ. ಅವನು ಕೊಲೆ ಮಾಡಿಲ್ಲ ಮೇಡಂ. ಯಾರೂ ಮಾಡಿಲ್ಲ. ಬರ್ಕೊಳ್ಳಿ.”

“ಅವನೇ ಅಂತ ಹೇಗೆ ಹೇಳ್ತೀರಿ?”

“ಎರಡು ಸಲ ತಟ್ಟೋದು ಬೇರೆ ಯಾರಿಗೆ ಗೊತ್ತು? ನನಗೆ, ಅವರಿಗೆ, ಅದನ್ನ ಕಲಿಸಿದ ಬಡಗಿಗೆ.”

ಅವನನ್ನು ಬಿಡಿಸಬೇಕೆಂದು ಬಂದು, ಅವನು ಅಲ್ಲಿದ್ದ ಎನ್ನುವ ಸಾಕ್ಷಿಯನ್ನು ನಾನೇ ಬರೆದುಕೊಳ್ಳುತ್ತಿದ್ದೆ. ಈ ಕಾಗದ ಸಾಹೇಬರ ಕೈಗೆ ಹೋದರೆ ಉಳಿದದ್ದನ್ನೆಲ್ಲ ಬಿಟ್ಟು ಅದೊಂದೇ ಸಾಲು ಓದುತ್ತಾರೆ. ಏನನ್ನಾದರೂ ಕೇಳದೆ ಬಿಟ್ಟಿದ್ದೇನೆಯೇ ಎಂದು ಮೇಲಿನಿಂದ ಓದಿದೆ. ಒಂದನ್ನು ಬಿಟ್ಟಿದ್ದೆ.

“ಮೇಷ್ಟ್ರು ಬಗ್ಗಿ ನೋಡಿದಾಗ ಏನಾದ್ರೂ ಅಂದ್ರಾ?”

ಅವರು ನೆನಪು ಮಾಡಿಕೊಂಡರು. ಎಂಟು ದಿನದಲ್ಲಿ ಮೊದಲ ಸಲ ಮುಖದಲ್ಲಿ ನಗುವಿನಂಥದ್ದೇನೋ ಹಾದುಹೋಯಿತು. “ನಕ್ಕರು. ತುಂಬಾ ದಿನದ ಮೇಲೆ, ಬಾಯಿ ತುಂಬಾ. ‘ಅಯ್ಯೋ ನಿನ್ನ, ಇದನ್ನ ಯಾವಾಗ ಕಲಿತುಬಿಟ್ಟೆ?’ ಅಂದ್ರು. ಅಷ್ಟೇ. ನೋಡಿ, ಜಗಳ ಇದ್ದಿದ್ರೆ ನಗ್ತಿದ್ರಾ? ಕೊಲೆ ಮಾಡೋಕೆ ಬಂದವನನ್ನ ನೋಡಿ...”

ಅವರು ಹಿತ್ತಲ ಕಡೆಗೆ ತಿರುಗಿ ನೋಡಿದರು.

ನಾನು ಅದನ್ನು ಅಕ್ಷರಕ್ಕೆ ಅಕ್ಷರ ಬರೆದು, ಓದಿಕೊಂಡೆ. ಕಲಿಸಿದವನನ್ನೇ ಯಾರಾದರೂ ಯಾವಾಗ ಕಲಿತೆ ಎಂದು ಕೇಳುತ್ತಾರೆಯೇ? ಐದು ಮೊಳೆಗಳ ಸುತ್ತ ಜಾರಿದ ಆ ಗುರುತುಗಳು ನಲವತ್ತು ವರ್ಷ ಮರದ ಕೆಲಸ ಮಾಡಿದ ಕೈಯವಲ್ಲ. ಕದ್ದು ನೋಡಿ ಕಲಿತ, ಅಂದೇ ಮೊದಲ ಬಾರಿ ಕಬ್ಬಿಣ ಹಿಡಿದ ಕೈ ಅದು. ಬಡಗಿ ಅಲ್ಲಿರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ನನಗೆ ನಿಜವಾಗಿ ಸಂತೋಷವಾಯಿತು.

ತಲೆ ಎತ್ತಿದೆ. ಆ ತಾಯಿಯ ಮುಖದಲ್ಲಿ ರಕ್ತವಿರಲಿಲ್ಲ.

“ಮೇಡಂ. ಆ ಸಾಲು ಹೊಡೆದುಹಾಕಿ.”

“ಆಗಲ್ಲಮ್ಮ. ಆ ಸಾಲಿನಿಂದಲೇ ಬಡಗಿ ಉಳಿಯೋದು.”

“ನಾನು ತಪ್ಪಾಗಿ ಕೇಳಿಸ್ಕೊಂಡೆ. ಅವರು ಏನೂ ಅನ್ನಲಿಲ್ಲ. ನಗಲೂ ಇಲ್ಲ.” ಮೇಜಿನ ಈ ಕಡೆ ಬಂದು ನೋಟ್‌ಬುಕ್ಕಿನ ಮೇಲೆ ಅಂಗೈ ಇಟ್ಟರು. “ಅವಳಿಗಿನ್ನೂ ಇಪ್ಪತ್ತಮೂರು ಮೇಡಂ. ಅಪ್ಪನ ಜೊತೆ ರಾಜಿ ಆಗೋಕೆ ಬಂದಿದ್ಲು. ಅಷ್ಟೇ ಅಲ್ವಾ? ಅಷ್ಟೇ ಇರಬೇಕಲ್ವಾ?”

ಅಷ್ಟೇ ಆಗಿದ್ದರೆ ಅವಳು ಓಡಿದ್ದೇಕೆ? ಅರ್ಧ ಗಂಟೆಯ ಮೇಲೆ ಬಂದು ಆಗ ತಾನೇ ಕಂಡವಳಂತೆ ಕಿರುಚಿದ್ದೇಕೆ? ತಪ್ಪು ಮಾಡದ ಮುದುಕನ ಮೇಲೆ ದೂರು ಬರೆದುಕೊಟ್ಟದ್ದೇಕೆ?

“ಬಡಗಿಯನ್ನ ಬಿಡಬೇಕು, ಅಷ್ಟೇ ತಾನೇ?” ಎಂದರು.

ನಾನು ತಡೆಯುವ ಮೊದಲೇ ನನ್ನ ಕೈಯಿಂದ ಪೆನ್ನು ಎಳೆದುಕೊಂಡು, ನೋಟ್‌ಬುಕ್ಕಿನ ಹೊಸ ಪುಟ ತೆರೆದು, ಖಾಲಿ ಹಾಳೆಯ ತೀರಾ ಕೆಳಗೆ ಪೂರ್ತಿ ಸಹಿ ಹಾಕಿದರು. ಒಂದು ಅಕ್ಷರವೂ ಸೊಟ್ಟಗಾಗಲಿಲ್ಲ.

“ಮೇಲೆ ಜಾಗ ಬಿಟ್ಟಿದೀನಿ. ನಾನೇ ಬೇಕಂತ ಉರುಳಿಸಿದೆ ಅಂತ ಬರ್ಕೊಳ್ಳಿ. ಕೆಳಗೆ ಯಾರೂ ಇರಲಿಲ್ಲ ಅಂತ ಬರ್ಕೊಳ್ಳಿ. ನಿಮಗೊಂದು ಹೆಸರು ಬೇಕಿತ್ತಲ್ಲ?”

ಬೀದಿಯಲ್ಲಿ ಜೀಪು ಬಂದು ನಿಂತ ಸದ್ದು. ಮೂರೂವರೆಗೆ ಇನ್ನೂ ಎಂಟು ನಿಮಿಷವಿತ್ತು. ಸಾಹೇಬರು ಜೀಪು ಕಳಿಸಿದ್ದಾರೆ, ಕೋರ್ಟಿಗೆ ತಾಯಿಯನ್ನು ಕರೆದೊಯ್ಯಲು ಮಗಳೇ ಅದರಲ್ಲಿ ಬಂದಿದ್ದಾಳೆ ಎಂದು ಪೇದೆ ಬಾಗಿಲಿಂದ ಹೇಳಿದ. ಮೆಟ್ಟಿಲ ಮೇಲೆ ಚಪ್ಪಲಿ ಬಿಡುವುದು ಕೇಳಿಸಿತು.

ಆಕೆ ಪೆನ್ನನ್ನು ನನ್ನ ಬೆರಳುಗಳ ನಡುವೆ ಸಿಕ್ಕಿಸಿ, ಮೇಲಿಂದ ತಮ್ಮ ಕೈಯಿಂದ ಮುಚ್ಚಿ ಹಿಡಿದರು.

“ಬೇಗ ಬರೀರಿ ಮೇಡಂ. ಅವಳು ಒಳಗೆ ಬರೋ ಮೊದಲು.”